ಓದುಗರ ಪ್ರಶ್ನೆ: ನಾಟಕದ ಖಡ್ಗ ಕೈಗೆ ಭಾರವಾದರೆ

ಪ್ರಶ್ನೆ: ಮಾನ್ಯರೇ, ನಮ್ಮೂರ ಜಾತ್ರೆಯಲ್ಲಿ ಆಡಲಿರುವ ಸಂಗೊಳ್ಳಿ ರಾಯಣ್ಣನ ನಾಟಕಕ್ಕಾಗಿ ನಾನೇ ಒಂದು ಖಡ್ಗ ತಯಾರಿಸಿದ್ದೇನೆ. ಅಲಗಿಗೆ 40 ಮಿ.ಮೀ. ಅಗಲ, 5 ಮಿ.ಮೀ. ದಪ್ಪ, 80 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಪಟ್ಟಿ ಬಳಸಿದ್ದೇನೆ, ಹಿಡಿ ಮರದ್ದು. ಒಟ್ಟು ತೂಕ 600 ಗ್ರಾಂ ಮಾತ್ರ. ಬೆರಳ ಮೇಲೆ ಅಡ್ಡವಾಗಿ ಇಟ್ಟರೆ ಹಿಡಿಯ ಅಡ್ಡಪಟ್ಟಿಯಿಂದ 25 ಸೆಂ.ಮೀ. ಮುಂದಕ್ಕೆ ಸಮವಾಗಿ ನಿಲ್ಲುತ್ತದೆ. ಆದರೂ ಹತ್ತು ನಿಮಿಷದ ತಾಲೀಮಿಗೇ ಮಣಿಕಟ್ಟು ಸೋತುಹೋಗುತ್ತದೆ. ಹಿಡಿಯ ತುದಿಗೆ ಸೀಸ ಕರಗಿಸಿ ಹೊಯ್ಯಲು ಗೆಳೆಯರು ಹೇಳುತ್ತಾರೆ. ಎಷ್ಟು ಸೀಸ ಬೇಕಾಗುತ್ತದೆ?

ಉತ್ತರ: ಸೀಸದ ಆಲೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಅದರ ಹೊಗೆ ಮತ್ತು ಧೂಳು ವಿಷಕಾರಿ. ಅಲ್ಲದೆ, ಮರದಲ್ಲಿರುವ ತೇವ ಕಾದ ಸೀಸ ತಾಗಿದ ಕೂಡಲೇ ಆವಿಯಾಗಿ ಲೋಹವನ್ನು ಮುಖಕ್ಕೇ ಸಿಡಿಸಬಹುದು.

ಲೆಕ್ಕ ಮಾತ್ರ ಸುಲಭ, ತಕ್ಕಡಿಯ ಲೆಕ್ಕವೇ. ಬೀಸಲು ಅನುಕೂಲವಾದ ಖಡ್ಗದ ಸಮತೋಲನ ಬಿಂದು ಅಡ್ಡಪಟ್ಟಿಯಿಂದ ಸುಮಾರು 10ರಿಂದ 15 ಸೆಂ.ಮೀ. ಮುಂದಿದ್ದರೆ ಸಾಕು, ನಾವು 12 ಎಂದಿಟ್ಟುಕೊಳ್ಳೋಣ. ನಿಮ್ಮದು ಅದಕ್ಕಿಂತ 13 ಸೆಂ.ಮೀ. ಮುಂದಿದೆ. 600 ಗ್ರಾಂ ಅನ್ನು 13ರಿಂದ ಗುಣಿಸಿದರೆ 7800. ಹಿಡಿಯ ಹಿಂದೆ ಕೂರಿಸುವ ಗುಂಡಿನ ನಡುಭಾಗ ಅಡ್ಡಪಟ್ಟಿಯಿಂದ 15 ಸೆಂ.ಮೀ. ಹಿಂದಿದ್ದರೆ, ಹೊಸ ಸಮತೋಲನ ಬಿಂದುವಿನಿಂದ ಅದರ ದೂರ 27 ಸೆಂ.ಮೀ. 7800ನ್ನು 27ರಿಂದ ಭಾಗಿಸಿದಾಗ ಬರುವ 289 ಗ್ರಾಂ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಆದರೆ ಹಾಗೆ ಮಾಡಿದರೆ ಖಡ್ಗ ಬೆರಳ ಮೇಲೆ ಚೆಂದವಾಗಿ ನಿಂತೀತೇ ಹೊರತು ಮಣಿಕಟ್ಟಿನ ನೋವು ಹೋಗಲಾರದು. ಏಕೆಂದರೆ ಖಡ್ಗವನ್ನು ಎತ್ತಿಹಿಡಿಯುವುದು ಬೇರೆ, ತಿರುಗಿಸಿ ತಡೆಯುವುದು ಬೇರೆ. ತಿರುಗಿಸುವಾಗ ಪ್ರತಿ ಗ್ರಾಂ ತೂಕವೂ ಕೈಯಿಂದ ಇರುವ ದೂರದ ವರ್ಗಕ್ಕೆ ತಕ್ಕಂತೆ ಕಾಡುತ್ತದೆ: ದೂರ ಎರಡರಷ್ಟಾದರೆ ಕಾಟ ನಾಲ್ಕರಷ್ಟು. ಮೊನೆಯ ಬಳಿಯ ತೂಕ ಅಲ್ಲಿಯೇ ಉಳಿದಿರುವಾಗ ಹಿಂದೆ ಎಷ್ಟು ಸುರಿದರೂ ಆ ಕಾಟ ತಗ್ಗುವುದಿಲ್ಲ, ತುಸು ಹೆಚ್ಚುತ್ತದೆ ಅಷ್ಟೆ.

ನಿಮ್ಮ ಖಡ್ಗದ ನಿಜವಾದ ದೋಷವೆಂದರೆ ಅಲಗು ಬುಡದಿಂದ ಮೊನೆಯವರೆಗೆ ಒಂದೇ ಅಗಲವಾಗಿರುವುದು. ಭಿತ್ತಿಚಿತ್ರಗಳಲ್ಲಿ ಖಡ್ಗವನ್ನು ಹಾಗೆ ಬರೆಯುವುದುಂಟು. ಚಿತ್ರಕಾರನಿಗೆ ಅದನ್ನು ಬೀಸಬೇಕಾದ ಪ್ರಸಂಗ ಬರುವುದಿಲ್ಲವಲ್ಲ! ಬುಡದಲ್ಲಿ 40 ಮಿ.ಮೀ. ಉಳಿಸಿಕೊಂಡು, ಎರಡೂ ಬದಿಗಳಿಂದ ಸಮವಾಗಿ ಅರ ಹಾಕುತ್ತ, ಮೊನೆಯ ಬಳಿ ಅಗಲ 25 ಮಿ.ಮೀ. ಆಗುವಂತೆ ಇಳಿಸಿರಿ. ಇದರಿಂದ ಹೋಗುವುದು ಸುಮಾರು 80 ಗ್ರಾಂ ಮಾತ್ರ. ಆದರೆ ಅದರಲ್ಲಿ ಹೆಚ್ಚಿನದು ಮೊನೆಯ ಕಡೆಯದಾದ್ದರಿಂದ ಸಮತೋಲನ ಬಿಂದು ತಾನಾಗಿಯೇ 21 ಸೆಂ.ಮೀ. ಆಸುಪಾಸಿಗೆ ಸರಿಯುತ್ತದೆ, ಅಲಗನ್ನು ತಿರುಗಿಸುವ ಶ್ರಮವೂ ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಬಳಿಕ ಹಿಂದೆ ಬೇಕಾಗುವ ತೂಕ 289ರ ಬದಲು ಸುಮಾರು 168 ಗ್ರಾಂ. ಅಂಚು ಮತ್ತು ಮೊನೆಗಳನ್ನು ದುಂಡಾಗಿಯೇ ಬಿಡಿ, ಎದುರಿಗೆ ಸಹನಟರಿರುತ್ತಾರೆ.

ಆ ತೂಕಕ್ಕೆ 25 ಮಿ.ಮೀ. ವ್ಯಾಸದ ಕಬ್ಬಿಣದ ಸಲಾಕೆ ಸಾಕು. ಅದು ಸೆಂ.ಮೀ.ಗೆ 38 ಗ್ರಾಂಗಿಂತ ತುಸು ಹೆಚ್ಚು ತೂಗುವುದರಿಂದ, ಲೇತ್ ಅಂಗಡಿಯಲ್ಲಿ 4.5 ಸೆಂ.ಮೀ. ತುಂಡು ಕತ್ತರಿಸಿ, ನಡುವೆ ರಂಧ್ರ ಕೊರೆಸಿ, ಅದರೊಳಗೆ ಬೋಲ್ಟಿಗೆ ಹೊಂದುವ ತಿರುಪಿನ ಎಳೆ (ಥ್ರೆಡ್) ಹಾಕಿಸಿರಿ. ಹಿಡಿಯೊಳಗಿನಿಂದ ಹಾಯಿಸಿದ ಬೋಲ್ಟಿಗೆ ಅದನ್ನು ತಿರುಪಿ ಕೂರಿಸಿದ ಮೇಲೆ ಅಡ್ಡಲಾಗಿ ಒಂದು ಪಿನ್ ಹೊಡೆಯುವುದನ್ನು ಮರೆಯಬೇಡಿ. ಬರಿಯ ಅಂಟನ್ನು ನಂಬಿದರೆ ಬೀಸಿನ ನಡುವೆ ಗುಂಡು ಕಳಚಿ ಪ್ರೇಕ್ಷಕರತ್ತ ಹಾರಬಹುದು.

ಲೇತ್ ಅಂಗಡಿಗೆ ಹೋಗುವ ಮೊದಲು ಅಷ್ಟೇ ತೂಕದ ನಟ್ಟುಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಹಿಡಿಯ ತುದಿಗೆ ಟೇಪಿನಿಂದ ಬಿಗಿದು ಎರಡು ದಿನ ತಾಲೀಮು ಮಾಡಿ ನೋಡಿರಿ. ಕೆಲವರಿಗೆ ಬಿಂದು 12ರಲ್ಲಿ ಹಿತವೆನಿಸಿದರೆ, ಮೊನೆಗೆ ಕೊಂಚ ಬಿರುಸು ಬೇಕೆನ್ನುವವರಿಗೆ 15ರಲ್ಲಿ ಹಿತವೆನಿಸುತ್ತದೆ. ಕೈ ಒಪ್ಪುವವರೆಗೆ ಒಂದೊಂದೇ ನಟ್ಟು ತೆಗೆಯುತ್ತ ಬನ್ನಿ. ಈ ಪರೀಕ್ಷೆಗೆ ಮುಂಚೆಯೇ ಹಿಡಿಗೆ ದಾರ ಸುತ್ತಿ, ಅಲಗಿಗೆ ಬಣ್ಣ ಬಳಿದಿರಬೇಕು. ಅವೂ ತೂಗುತ್ತವೆ.