ಅಘನಾಶಿನಿಯ ಆ ಕೆಸರಿನ ವಿಷ್ಯ

ನಮಸ್ಕಾರ ಸರ್. ಅಘನಾಶಿನಿ ನದಿ ಸಮುದ್ರ ಸೇರೋ ಅಳಿವೆ ಬಗ್ಗೆ ನಾವು ಹಾಕಿದ ಲೇಖನ ಓದಿ ನೀವು ಕುಮಟಾ ಕಡೆ ಹೋಗಿ ನೋಡ್ಕೊಂಡ್ ಬಂದಿದ್ದೀರಿ, ಬಂದವರು ಬೇಜಾರಲ್ಲಿ ಬರೆದಿದ್ದೀರಿ: ಎಲ್ಲಿ ನೋಡಿದ್ರೂ ಕೊಳೆತ ಮೊಟ್ಟೆ ವಾಸನೆ ಹೊಡೆಯೋ ಕೆಸರು, ಇದಕ್ಕೆ ರಾಮ್ಸಾರ್ ಮಾನ್ಯತೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅನ್ನೋ ಗುರುತು) ಯಾಕೆ, ಮಣ್ಣು ತುಂಬಿ ಪಾರ್ಕ್ ಮಾಡಿದ್ರೆ ಜನಕ್ಕೆ ಉಪಯೋಗ ಆಗಲ್ವಾ ಅಂತ.

ಮೊದ್ಲು ಆ ವಾಸನೆ ವಿಷ್ಯ. ಅದು ಗಟಾರದ ವಾಸನೆ ಅಲ್ಲ ಸರ್. ಕಾಂಡ್ಲಾ, ಅಂದ್ರೆ ಉಪ್ಪುನೀರಲ್ಲಿ ಬೆಳೆಯೋ ಮ್ಯಾಂಗ್ರೋವ್ ಮರದ ಎಲೆ ಉದುರಿ ಕೆಸರಲ್ಲಿ ಹೂತು ಕೊಳೆಯುತ್ತೆ, ಒಳಗೆ ಗಾಳಿ ಹೋಗಲ್ಲ, ಆಗ ಅಲ್ಲಿನ ಬ್ಯಾಕ್ಟೀರಿಯಾ ಸಮುದ್ರದ ನೀರಲ್ಲಿರೋ ಸಲ್ಫೇಟ್ ಬಳಸ್ಕೊಂಡು ಬದುಕ್ತವೆ, ಅವು ಬಿಡೋ ಹೈಡ್ರೋಜನ್ ಸಲ್ಫೈಡ್ ಗ್ಯಾಸೇ ನಿಮ್ಮ ಮೂಗಿಗೆ ಬಡಿದಿದ್ದು. ಗಾಳಿ ಇಲ್ಲದ ಆ ನೆಲದಲ್ಲಿ ಮರ ಹೆಂಗೆ ನಿಂತಿದೆ ಅಂತ ನೋಡಿದ್ರಾ? ಎವಿಸೀನಿಯಾ ಅನ್ನೋ ಜಾತಿಯ ಕಾಂಡ್ಲಾ ಮರದ ಸುತ್ತ ಪೆನ್ಸಿಲ್ ನೆಟ್ಟ ಹಂಗೆ ಸಾವಿರಾರು ಬೇರು ಮೇಲೆ ಚಾಚಿರುತ್ತೆ, ಉಸಿರಾಡೋಕೇ. ಅದರ ಒಂದು ಎಲೆಗೆ ನಾಲಿಗೆ ತಾಗಿಸಿ ನೋಡಿ, ಉಪ್ಪುಪ್ಪು, ಮರ ತನಗೆ ಜಾಸ್ತಿಯಾದ ಉಪ್ಪನ್ನ ಎಲೆಯಿಂದ ಹೊರಗೆ ಹಾಕುತ್ತೆ. ಪಕ್ಕದಲ್ಲಿ ರೈಜೋಫೋರಾ ಅನ್ನೋ ಇನ್ನೊಂದು ಜಾತಿಯ ಕಾಂಡ್ಲಾ ಇದ್ರೆ ಅದರದ್ದು ಇನ್ನೊಂದು ಚಂದ, ಬೀಜ ಮರದಲ್ಲೇ ಮೊಳಕೆ ಒಡೆದು ನುಗ್ಗೇಕಾಯಿ ಥರ ನೇತಾಡ್ತಿರುತ್ತೆ, ಬಿದ್ದ ಮೇಲೆ ತೇಲಿ ಹೋಗಿ ಎಲ್ಲೋ ಬೇರು ಬಿಡುತ್ತೆ.

ಭರತ, ಅಂದ್ರೆ ಸಮುದ್ರದ ಉಬ್ಬರ, ದಿನಕ್ಕೆ 2 ಸಲ ಉಪ್ಪುನೀರನ್ನ ಒಳಗೆ ತರುತ್ತೆ, ಮಳೆಗಾಲದಲ್ಲಿ ಘಟ್ಟದಿಂದ, 116 ಮೀಟರ್ ಉಂಚಳ್ಳಿ ಜಲಪಾತ ಇಳಿದು ಬರೋ ಸಿಹಿನೀರು ಆ ಉಪ್ಪನ್ನ ತಳ್ಳಿ ಹಾಕುತ್ತೆ. ಈ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ, ಹಂಗಾಗಿ ಈ ಕೊಡು ಕೊಳ್ಳೋದು ಇನ್ನೂ ನಡೀತಿದೆ, ನನ್ ಪ್ರಕಾರ ಇಲ್ಲಿನ ದೊಡ್ಡ ಸಂಪತ್ತೇ ಅದು. ಮಳೆ ಉಪ್ಪು ತೊಳೆದ ಮೇಲೆ ಗಜನಿ ಗದ್ದೇಲಿ, ಅಂದ್ರೆ ಅಳಿವೆ ಅಂಚಿನ ಉಪ್ಪುನೀರು ಬರೋ ಗದ್ದೇಲಿ, ಕಗ್ಗ ಭತ್ತ ಬೆಳೀತಾರೆ, ನೀರು ನಿಂತ್ರೂ ಸ್ವಲ್ಪ ಉಪ್ಪು ಹತ್ತಿದ್ರೂ ತಡ್ಕೊಳ್ಳೋ ತಳಿ, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ರೆ ಸಿಗಡಿ ಮೀನು ಬರುತ್ತೆ. ಒಂದೇ ನೆಲ ಸರ್, ಅನ್ನನೂ ಅದೇ ಮೀನೂ ಅದೇ.

2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ್ದು 4801 ಹೆಕ್ಟೇರ್. ಅದಕ್ಕೆ ಮಣ್ಣು ತುಂಬೋದು ಅಂದ್ರೆ ಬಳಚು (ತಿನ್ನೋ ಚಿಪ್ಪುಜೀವಿ) ಆರಿಸಿ ಮಾರಿ ಮನೆ ನಡೆಸೋರ ನೆಲ ಮುಚ್ಚಿದ ಹಂಗೆ, ಬೇಡ ದಯವಿಟ್ಟು. ಇನ್ನೊಂದ್ಸಲ ಹೋಗಿ, ಮಳೆಗಾಲ ಕಳೆದು ಚಳಿ ಶುರುವಾದ ಮೇಲೆ, ಇಳಿತದ ಟೈಮ್ ಮೀನುಗಾರರ ಹತ್ರ ಕೇಳ್ಕೊಂಡು. ಸೊಂಟದವರೆಗೆ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಬಳಚು ತೆಗೆಯೋರು ಸಿಗ್ತಾರೆ, ಅವರ ಹತ್ರ ಒಂದರ್ಧ ಗಂಟೆ ಮಾತಾಡಿ, ಆಮೇಲೆ ಮತ್ತೆ ಬರೀರಿ, ಆ ಪತ್ರಾನೂ ಹಾಕ್ತೀವಿ.