ಅಂಗಳದಲ್ಲಿ ಈಡು ಹಾರಿದ ಮೇಲೆ ಪೊಲೀಸರಿಗೆ ಏನು ಹೇಳಬೇಕು?

ಪ್ರಶ್ನೆ: ಶಿರಸಿ ಹತ್ತಿರ ತೋಟದ ನಡುವೆ ಒಂಟಿ ಮನೆ ನಮ್ಮದು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರುವ ಕೋವಿ ಇದೆ. ಅಡಿಕೆ ಒಣಗಿಸುವ ದಿನಗಳಲ್ಲಿ ಕಳ್ಳರ ಭಯ. ರಾತ್ರಿ ಯಾರಾದರೂ ಕತ್ತಿ ಹಿಡಿದು ಮೈಮೇಲೆ ಬಂದು, ನಾನು ಈಡು ಹೊಡೆದರೆ ಆಮೇಲೆ ಪೊಲೀಸರ ಹತ್ತಿರ ಏನು ಹೇಳಬೇಕು? ‘ವಕೀಲರು ಬರುವವರೆಗೆ ಬಾಯಿ ಬಿಡಬೇಡ’ ಅನ್ನುತ್ತಾರೆ ನಮ್ಮ ಭಾವ. ಸರಿಯಾ?
– ಹೆಸರು ಬೇಡ, ಶಿರಸಿ

ಉತ್ತರ: ನಿಮ್ಮ ಭಾವ ಹೇಳಿದ್ದು ಅರ್ಧ ಸರಿ. ಪೂರ್ತಿ ಬಾಯಿ ಕಟ್ಟಿಕೊಂಡು ಕೂತರೆ ಕೆಲಸ ಕೆಡುತ್ತದೆ. ಪ್ರಾಣ ಉಳಿಸಿಕೊಳ್ಳಲಿಕ್ಕೇ ಹೊಡೆದೆ ಅಂತ ತೋರಿಸುವ ಭಾರ ಕೋರ್ಟಿನಲ್ಲಿ ನಿಮ್ಮ ಮೇಲೇ ಬೀಳುತ್ತದೆ. ಕತ್ತಿ ಎಲ್ಲಿ ಬಿದ್ದಿದೆ, ಜೊತೆಗಿದ್ದವನು ಯಾವ ಕಡೆ ಓಡಿದ ಅಂತ ಆಗಲೇ ಹೇಳದಿದ್ದರೆ, ಬೆಳಗಾಗುವಷ್ಟರಲ್ಲಿ ಊರವರೆಲ್ಲ ಬಂದು ಅಂಗಳ ತುಳಿದಿರುತ್ತಾರೆ.

ಮೊದಲು 112ಕ್ಕೆ ಫೋನ್ ಮಾಡಿ. ಬಿದ್ದವನಿಗೂ ಆಂಬುಲೆನ್ಸ್ ಕೇಳಿ. ಅವನು ಬದುಕಿದರೆ ನಿಮಗೂ ಒಳ್ಳೆಯದೇ. ನಮ್ಮ ಕಡೆ ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು, ಗೊತ್ತು. ಹಾಗಿದ್ದರೆ ಮನೆಯವರೊಬ್ಬರನ್ನು ಕಳಿಸಿ, ನೀವು ಅಲ್ಲೇ ಇರಿ. ಕೋವಿ ಒಂದು ಕಡೆ ಇಡಿ, ಪೊಲೀಸರು ಬರುವಾಗ ಅದು ಕೈಯಲ್ಲಿರಬಾರದು. ನಳಿಗೆ ಒರೆಸುವುದು, ಖಾಲಿ ತೋಟಾ ಹೆಕ್ಕುವುದು, ರಕ್ತಕ್ಕೆ ನೀರು ಹೊಯ್ಯುವುದು ಯಾವುದೂ ಬೇಡ. ಸಾಕ್ಷ್ಯ ಅಳಿಸಿದರೆ ಅದೇ ಬೇರೆ ಅಪರಾಧ.

ಬಂದವರಿಗೆ ಹೇಳಬೇಕಾದ್ದು ನಾಲ್ಕೇ ಮಾತು. ‘ಇವನು ಕತ್ತಿ ಬೀಸಿಕೊಂಡು ಬಂದ. ಜೀವ ಹೋಗುತ್ತದೆ ಅನ್ನಿಸಿತು, ಹೊಡೆದೆ. ಕತ್ತಿ ಅಲ್ಲಿದೆ. ಉಳಿದದ್ದನ್ನು ವಕೀಲರ ಜೊತೆ ಮಾತಾಡಿ ಹೇಳುತ್ತೇನೆ.’ ಇಲ್ಲಿಗೆ ನಿಲ್ಲಿಸಿ. ಬಂಧಿಸಿದರೆ ವಿಚಾರಣೆ ನಡೆಯುವಾಗ ವಕೀಲರನ್ನು ಕಾಣುವ ಹಕ್ಕು ನಿಮಗಿದೆ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಹಾಕಬೇಕಾಗಿಲ್ಲ. ನಿಮ್ಮದೇ ದೂರು ಕೊಟ್ಟರೆ ಅದಕ್ಕೆ ಸಹಿ ಬೇಕು, ಹಾಗಾಗಿ ಪೂರ್ತಿ ಓದಿ ಹಾಕಿ.

ಜನ ಸಿಕ್ಕಿಬೀಳುವುದು ದೂರ ಹೇಳುವಾಗ. ಗಾಬರಿಯಲ್ಲಿ ‘ಎರಡು ಮಾರು ಇತ್ತು’ ಅಂದುಬಿಡುತ್ತಾರೆ. ಆದರೆ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ತೀರಾ ಹತ್ತಿರದಿಂದ ತಾಗಿದರೆ ಒಂದೇ ತೂತು, ದೂರ ಹೋದಷ್ಟೂ ಹರಡುತ್ತದೆ. ಫೊರೆನ್ಸಿಕ್‌ನವರು ಅದನ್ನು ನೋಡಿಯೇ ದೂರ ಲೆಕ್ಕ ಹಾಕುತ್ತಾರೆ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ, ಕತ್ತಲಿತ್ತು’ ಅನ್ನಿ. ನಿಮ್ಮ ಮೈಮೇಲೆ ಗೀರು ಗಾಯ ಇದ್ದರೆ ಸಣ್ಣದು ಅಂತ ಸುಮ್ನಾಗಬೇಡಿ, ಡಾಕ್ಟರ ಹತ್ತಿರ ಬರೆಸಿ. ಎಷ್ಟೋ ಕೇಸಿನಲ್ಲಿ ಅದೇ ದೊಡ್ಡ ಸಾಕ್ಷಿ.

ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಬಂಧನದಲ್ಲಿ ಇರುವವರಿಗೆ ನೆರವು ಉಚಿತ.

ಇಷ್ಟೆಲ್ಲ ಹೇಳಿದ್ದು ಅವನು ಮೈಮೇಲೆ ಬಂದಿದ್ದರೆ ಮಾತ್ರ. ಅಂಗಳದ ಅಡಿಕೆ ಬಾಚಿಕೊಂಡು ಓಡುವವನ ಬೆನ್ನಿಗೆ ಹೊಡೆದರೆ ನಾನಲ್ಲ, ಯಾವ ವಕೀಲರೂ ಸುಲಭದಲ್ಲಿ ಬಿಡಿಸಲಾರರು. 2024ರ ಜುಲೈ 1ರಿಂದ ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ, ಬರೀ ಕಳವಿಗೆ ಜೀವ ತೆಗೆಯುವ ಹಕ್ಕಿಲ್ಲ. ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ಒಳಗೆ ನುಗ್ಗಿದರೆ, ದರೋಡೆಗೆ ಬಂದರೆ ಲೆಕ್ಕ ಬೇರೆ. ಆಗಲೂ ಬೇಕಾದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ.

ಕೋವಿಯಂತೂ ಮಹಜರಾಗಿ ಠಾಣೆಗೆ ಹೋಗುತ್ತದೆ. ಬೇಗ ವಾಪಸ್ ಸಿಗುತ್ತದೆ ಅಂದುಕೊಳ್ಳಬೇಡಿ. ಅಲ್ಲಿಯವರೆಗೆ ಮಂಗ ಓಡಿಸಲಿಕ್ಕೆ ಪಟಾಕಿಯೇ ಗತಿ.