ಜೆನೆಟಿಕ್ ಟೆಸ್ಟ್ ರಿಪೋರ್ಟ್ ಫೋನಿನಲ್ಲಿ ಕೇಳಬಹುದಾ?

ಅಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು, ನೀವು ಬಿಆರ್‌ಸಿಎ ಟೆಸ್ಟ್ (ಸ್ತನ ಕ್ಯಾನ್ಸರ್ ಸಾಧ್ಯತೆ ಹೆಚ್ಚಿಸುವ ಜೀನ್ ಬದಲಾವಣೆ ವಂಶದಿಂದ ಬಂದಿದೆಯಾ ಅಂತ ನೋಡುವ ಪರೀಕ್ಷೆ) ಮಾಡಿಸಿದ್ದೀರಿ, ಈಗ ರಿಪೋರ್ಟ್ ಫೋನಿನಲ್ಲೇ ಹೇಳ್ತೀವಿ ಅಂತಿದ್ದಾರೆ, ಒಪ್ಪಲಾ ಅಂತ ಕೇಳಿದ್ದೀರಿ. ಒಪ್ಪಿಕೊಳ್ಳಿ. ಆದರೆ ಯಾವಾಗ ಅನ್ನುವುದನ್ನು ನೀವೇ ಹೇಳಿ.

ನಾನು ಬೆಂಗಳೂರಿನಲ್ಲಿ ಜೆನೆಟಿಕ್ ಕೌನ್ಸೆಲರ್. ಬೀದರ್‌ನಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದು, ಅರ್ಧ ಗಂಟೆ ಮಾತು ಕೇಳಿ, ಮತ್ತೆ ಬಸ್ ಹತ್ತುವವರನ್ನು ನೋಡಿದ್ದೇನೆ. ಅಂಥವರಿಗೆ ಫೋನೇ ವಾಸಿ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ, ಬಿಆರ್‌ಸಿಎ ವಿಷಯ ಫೋನಿನಲ್ಲಿ ಕೇಳಿದವರಿಗೆ ಎದುರಿಗೆ ಕೂತು ಕೇಳಿದವರಷ್ಟೇ ಅರ್ಥವಾಗಿತ್ತು, ಕಳವಳವೂ ಜಾಸ್ತಿ ಆಗಿರಲಿಲ್ಲ. ಹಂಟಿಂಗ್ಟನ್‌ನಂಥ, ತಡೆಯಲಾಗದ ಕಾಯಿಲೆಯ ಟೆಸ್ಟ್ ಆಗಿದ್ದರೆ ಮಾತ್ರ ಎದುರಿಗೇ ಹೋಗಿ ಅನ್ನುತ್ತಿದ್ದೆ.

ತೊಂದರೆ ಇರುವುದು ದಿಢೀರನೆ ಬರುವ ಕಾಲ್‌ನಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬರಿಗೆ ಹಾಗೇ ಫೋನ್ ಮಾಡಿದ್ದೆ. ಕಂಡಕ್ಟರ್ ಸೀಟಿ ಕೇಳಿಸುತ್ತಿತ್ತು. "ಪರವಾಗಿಲ್ಲ, ಹೇಳಿ ಮೇಡಂ" ಅಂದರು. ಹೇಳಿಬಿಟ್ಟೆ. "ಹ್ಞೂಂ, ಹ್ಞೂಂ, ಸರಿ" ಅಂತ ಇಟ್ಟರು. ಎರಡು ದಿನ ಬಿಟ್ಟು ಅವರ ತಂಗಿ ಅಳುತ್ತಾ ಫೋನ್ ಮಾಡಿದರು: "ಅಕ್ಕನಿಗೆ ಎಷ್ಟನೇ ಸ್ಟೇಜ್?" ಅಕ್ಕನಿಗೆ ಕ್ಯಾನ್ಸರ್ ಇರಲೇ ಇಲ್ಲ. ಆ ಗಲಾಟೆಯಲ್ಲಿ ಪಾಸಿಟಿವ್ ಅನ್ನೋದೊಂದೇ ಅವರ ಕಿವಿಗೆ ಬಿದ್ದಿತ್ತು. ಎದುರಿಗಿದ್ದಿದ್ದರೆ ಮುಖ ನೋಡಿಯೇ ನನಗೆ ತಿಳಿಯುತ್ತಿತ್ತು. ಅಕ್ಕನಿಗೇ ಮತ್ತೆ ಫೋನ್ ಮಾಡಿ ಮೊದಲಿಂದ ಹೇಳಿದೆ. ಆ ಎರಡು ರಾತ್ರಿ ಅವರು ಪಟ್ಟ ಸಂಕಟವನ್ನು ನಾನು ಮರೆತಿಲ್ಲ.

ಈಗ ಮೊದಲು ಕೇಳುವುದು ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ, ಪೆನ್ನು ಇದೆಯಾ ಅಂತ. ಕೊನೆಗೆ "ಮನೆಯಲ್ಲಿ ಕೇಳಿದರೆ ಏನಂತ ಹೇಳ್ತೀರಿ, ನನಗೊಂದ್ಸಲ ಹೇಳಿ" ಅನ್ನುತ್ತೇನೆ. ತಪ್ಪು ತಿಳಿದಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಪಾಸಿಟಿವ್ ಅಂದರೆ ಜೀನ್‌ನಲ್ಲಿ ಬದಲಾವಣೆ ಇದೆ, ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಜಾಸ್ತಿ ಅಂತ, ಬಂದಿದೆ ಅಂತಲ್ಲ. ಒಡಹುಟ್ಟಿದವರಿಗೂ ಮಕ್ಕಳಿಗೂ ಆ ಬದಲಾವಣೆ ಇರುವ ಸಾಧ್ಯತೆ ಒಬ್ಬೊಬ್ಬರಿಗೆ 50%. ನೆಗೆಟಿವ್ ಬಂದರೆ, ಅಮ್ಮನಿಗೆ ಈ ಟೆಸ್ಟ್ ಆಗಿತ್ತಾ ಅನ್ನೋದು ಮುಖ್ಯ. ಅಮ್ಮನಲ್ಲಿ ಸಿಕ್ಕಿದ್ದು ನಿಮ್ಮಲ್ಲಿ ಇಲ್ಲ ಅಂದರೆ ನಿಜಕ್ಕೂ ನಿರಾಳ. ಅಮ್ಮನಿಗೆ ಟೆಸ್ಟೇ ಆಗಿಲ್ಲದಿದ್ದರೆ ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ, ಈ ಮಾತನ್ನು ಬಿಡದೆ ಕೇಳಿ. "ವಿಯುಎಸ್" ಅಂದರೆ ಅರ್ಥ ಇನ್ನೂ ತಿಳಿಯದ ಬದಲಾವಣೆ. ಅದೊಂದನ್ನೇ ನೋಡಿ ಆಪರೇಷನ್‌ಗೆ ಹೋಗಬೇಡಿ.

ಮನೆಯವರು ಯಾರಾದರೂ ಪಕ್ಕದಲ್ಲಿರಲಿ, ಸ್ಪೀಕರ್ ಹಾಕಿ. ಪೂರ್ತಿ ರಿಪೋರ್ಟ್ ಕಳಿಸಿ ಅನ್ನಿ. ಹೆಚ್ಚಿನವರಿಗೆ ಪ್ರಶ್ನೆಗಳು ಹೊಳೆಯುವುದು ಮಾರನೇ ದಿನ. ಹಾಗಾಗಿ ಇನ್ನೊಂದು ಕಾಲ್‌ಗೆ ದಿನ ಗೊತ್ತು ಮಾಡಿಕೊಂಡೇ ಫೋನ್ ಇಡಿ.